ಬಮ್ಮಿಗಟ್ಟಿಯ ಮನೆ ಭೇಟಿ

ನಮ್ಮ ಪ್ರತಿಷ್ಠಾನದಲ್ಲಿ ಮನೆ ಭೇಟಿಗೆಂದೇ ಒಂದು ಫಾರ್ಮ್ ಇದೆ. ಎರಡು ಪುಟ, ಇಪ್ಪತ್ತಾರು ಪ್ರಶ್ನೆ, ಕೊನೆಗೆ ಎರಡು ಸಹಿ. ಒಂದು ಪ್ರತಿಷ್ಠಾನ ನಡೆಸುವ ಸಾವಕಾರರದು, ಇನ್ನೊಂದು ನನ್ನದು. ಆರು ವರ್ಷದಿಂದ ಸಹಿ ಹಾಕುತ್ತ ಬಂದಿದ್ದೇನೆ. ಮೊದಮೊದಲು ಪೆನ್ನು ಹಿಡಿದರೆ ಕೈ ತಣ್ಣಗಾಗುತ್ತಿತ್ತು, ಈಗ ಏನೂ ಆಗುವುದಿಲ್ಲ. ಯಾರಾದರೂ ‘ರೋಹಿಣಿ, ನಿಂದು ಪುಣ್ಯದ ಕೆಲಸ’ ಎಂದರೆ ತಲೆಯಾಡಿಸಿ ಮುಂದಿನ ಫೈಲು ತೆಗೆಯುತ್ತೇನೆ.

ಕಲಘಟಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಗೊಬ್ಬರದ ಅಂಗಡಿ, ಅದರ ಮೇಲಿನ ಕೋಣೆಯಲ್ಲಿ ನಮ್ಮ ಆಫೀಸು. ಬೋರ್ಡಿನ ಮೇಲೆ ‘ಕಸ್ತೂರೆವ್ವ ಸ್ಮಾರಕ ವಿದ್ಯಾ ಪ್ರತಿಷ್ಠಾನ’ ಎಂದಿದೆ. ಕಸ್ತೂರೆವ್ವ ಎಂದರೆ ಶಂಭುಲಿಂಗಪ್ಪ ಸಾವಕಾರರ ತಾಯಿ. ಸಾಯುವವರೆಗೂ ಹೆಬ್ಬೆಟ್ಟು ಒತ್ತಿದ ಹೆಂಗಸು. ಅವರ ನೆನಪಿಗೆ ತಾಲ್ಲೂಕಿನ ಹತ್ತು ಮಕ್ಕಳಿಗೆ ಪ್ರತಿ ವರ್ಷ ಕಾಲೇಜಿನ ಫೀ, ಹಾಸ್ಟೆಲ್ಲು, ಪುಸ್ತಕ, ಓದು ಮುಗಿಯುವವರೆಗೆ. ಹತ್ತೇ. ಹನ್ನೊಂದನೆಯದಕ್ಕೆ ಸಾವಕಾರರ ಕಬ್ಬಿನ ಗದ್ದೆ ಸಾಲುವುದಿಲ್ಲ.

ಜನವರಿಯಿಂದ ಪ್ರತಿ ಭಾನುವಾರ ಪಿ.ಯು. ಮಕ್ಕಳಿಗೆ ನಾನು ಕ್ಲಾಸು ತೆಗೆದುಕೊಳ್ಳುತ್ತೇನೆ. ಸಿಇಟಿ ಅರ್ಜಿ ತುಂಬುವುದು, ಯಾವ ಕೋರ್ಸು ಮಾಡಿದರೆ ಯಾವ ಕೆಲಸ, ಆಪ್ಷನ್ ಪಟ್ಟಿಯಲ್ಲಿ ಯಾವುದನ್ನು ಮೇಲಿಡಬೇಕು, ಸಂದರ್ಶನದಲ್ಲಿ ಕುರ್ಚಿಯ ತುದಿಗೆ ಕೂರದೆ ಬೆನ್ನು ಆನಿಸಿ ಕೂರುವುದು ಹೇಗೆ, ಇಂಥವೆಲ್ಲ. ನಾನೂ ಇದೇ ಪ್ರತಿಷ್ಠಾನದ ನೆರವಿನಿಂದ ಹುಬ್ಬಳ್ಳಿಯಲ್ಲಿ ಬಿ.ಕಾಂ. ಮಾಡಿದವಳು. ಬ್ಯಾಂಕಿನ ಪರೀಕ್ಷೆ ಮೂರು ಸಲ ಬರೆದು, ಮೂರು ಸಲವೂ ಸಂದರ್ಶನದಲ್ಲಿ ಬಿದ್ದು, ತಿರುಗಿ ಇಲ್ಲಿಗೇ ಬಂದು ಕೂತೆ. ಸಂದರ್ಶನದಲ್ಲಿ ಪಾಸಾಗುವುದು ಹೇಗೆಂದು ಈಗ ನಾನೇ ಹೇಳಿಕೊಡುತ್ತೇನೆ. ನಿಮಗ್ಯಾಕೆ ನೌಕರಿ ಸಿಗಲಿಲ್ಲ ಎಂದು ಮಕ್ಕಳು ಕೇಳುವುದಿಲ್ಲ. ಒಳ್ಳೆಯ ಮಕ್ಕಳು.

ನೀಲಾ ಬಂದದ್ದು ಈ ಜನವರಿಯಲ್ಲಿ. ಬಮ್ಮಿಗಟ್ಟಿಯ ಹುಡುಗಿ. ಅಪ್ಪ ಶಿದ್ಲಿಂಗಪ್ಪ ಮಳೆಗಾಲ ಹಿಡಿಯುವ ಮೊದಲೇ ಕುರಿ ಹೊಡೆದುಕೊಂಡು ನವಲಗುಂದದ ಕಡೆಯ ಒಣ ಭೂಮಿಗೆ ಹೋದರೆ ಮಳೆ ನಿಂತ ಮೇಲೆಯೇ ಮನೆಗೆ ಬರುವವನು. ಅವ್ವ ಕೆಂಚವ್ವ ಕೂಲಿಗೆ ಹೋಗುವವಳು. ಉಳಿದ ಮಕ್ಕಳೆಲ್ಲ ‘ಯಾವುದಕ್ಕ ಹೋದ್ರ ಛಲೋ, ನೀವ ಹೇಳ್ರಿ ಅಕ್ಕಾರ’ ಎನ್ನುತ್ತ ನನ್ನ ಮುಖ ನೋಡುತ್ತಿದ್ದರೆ, ಇವಳು ಮೊದಲ ಭಾನುವಾರವೇ ‘ನಾ ದನದ ಡಾಕ್ಟರ್ ಆಗಾಕಿರಿ. ಗದಗಿನ್ಯಾಗ ಕಾಲೇಜ ಐತಿ’ ಎಂದು ಹೇಳಿ ಕೂತಳು. ಪ್ರತಿಷ್ಠಾನ ಕೈ ಹಿಡಿದರೆ ಗದಗ, ಇಲ್ಲದಿದ್ದರೆ ಕಲಘಟಗಿಯಲ್ಲೇ ಬಿ.ಎ. ಎಂದು ಅವರ ಮನೆಯಲ್ಲಿ ಮಾತಾಗಿತ್ತು. ನನಗೆ ಆ ಹುಡುಗಿ ಇಷ್ಟವಾದಳು. ಈಚೆಗೆ ನನಗೆ ಯಾರೂ ಅಷ್ಟು ಬೇಗ ಇಷ್ಟವಾಗುವುದಿಲ್ಲವಾದ್ದರಿಂದ ಇದನ್ನು ಹೇಳುತ್ತಿದ್ದೇನೆ.

ಜುಲೈ ಹೊತ್ತಿಗೆ ಅವಳ ರ‍್ಯಾಂಕು ಬಂತು. ಗದಗಿನ ಸೀಟು ಸಿಗುವಷ್ಟಿತ್ತು. ಉಳಿದದ್ದು ನಮ್ಮ ಮನೆ ಭೇಟಿ ಒಂದೇ.

ಸಾವಕಾರರಿಗೆ ಕಾಗದಪತ್ರದ ಮೇಲೆ ನಂಬಿಕೆ ಇಲ್ಲ. ‘ಅರ್ಜಿ ಒಳಗ ಎಲ್ಲಾರೂ ಬಡವ್ರ. ನಾ ಹೋಗಿ ಕಣ್ಣಿಲೆ ನೋಡಾಂವ’ ಎನ್ನುತ್ತಾರೆ. ಎಪ್ಪತ್ತನಾಲ್ಕು ವರ್ಷ, ಎರಡೂ ಮೊಣಕಾಲಿನಲ್ಲಿ ನೋವು. ಆದರೂ ಪ್ರತಿ ಅರ್ಜಿದಾರರ ಮನೆಗೆ ತಾವೇ ಹೋಗಿ, ಅಲ್ಲಿಯೇ ಮಗುವಿಗೆ ನಾಲ್ಕು ಪ್ರಶ್ನೆ ಕೇಳಿ, ಮನೆಯಲ್ಲಿ ಏನೇನಿದೆ ಎಂದು ನೋಡಿ ನನ್ನ ಕೈಯಿಂದ ಬರೆಸುತ್ತಾರೆ. ಒಳ್ಳೆಯ ಮನುಷ್ಯ. ಅದರಲ್ಲಿ ಎರಡು ಮಾತಿಲ್ಲ. ಭೇಟಿಯ ಹಿಂದಿನ ಭಾನುವಾರ ನಾನು ಮಕ್ಕಳಿಗೆ ಹೇಳಿದ್ದು ಇಷ್ಟೇ: ಮನೆಗೆ ಹಿರಿಯರು ಬರುತ್ತಾರೆ, ಸ್ವಚ್ಛ ಇಟ್ಟುಕೊಳ್ಳಿ, ಹೆದರದೆ ಮಾತಾಡಿ. ಏನನ್ನೂ ಎರವಲು ತರಬೇಡಿ ಎಂದು ಹೇಳುವುದು ಹೊಳೆಯಲಿಲ್ಲ. ಎಲ್ಲರಿಗಿಂತ ಮೊದಲು ಹೊಳೆಯಬೇಕಾದದ್ದು ನನಗೇ.

ನಾವು ಬಮ್ಮಿಗಟ್ಟಿ ಮುಟ್ಟಿದಾಗ ಜಿಟಿಜಿಟಿ ಮಳೆ. ಎರಡೇ ಕೋಣೆಯ ಹೆಂಚಿನ ಮನೆ, ಸಗಣಿ ಸಾರಿಸಿದ ನೆಲ. ಒಳಗೆ ಕಾಲಿಟ್ಟರೆ ನಾಲ್ಕು ಫೈಬರ್ ಕುರ್ಚಿ, ಒಂದು ಟೇಬಲ್ಲು, ಅದರ ಮೇಲೆ ದೊಡ್ಡ ಟಿ.ವಿ., ಆ ಮಳೆಯ ಚಳಿಯಲ್ಲೂ ಗರಗರ ತಿರುಗುತ್ತಿದ್ದ ಒಂದು ಫ್ಯಾನು. ಮೂಲೆಯಲ್ಲಿ ಕೆಂಪು ಬಣ್ಣದ ಫ್ರಿಜ್ಜು. ದೇವರ ಜಗಲಿಯ ಮೇಲೆ ಬೀರದೇವರ ಫೋಟೋ, ಅದರ ಪಕ್ಕದಲ್ಲೇ ನಿಂತ ಫ್ರಿಜ್ಜಿನ ಬಾಗಿಲ ಅಂಚಿನಲ್ಲಿ ೭೮೬ ಎಂಬ ಸಣ್ಣ ಹಸಿರು ಸ್ಟಿಕರು. ಸಾವಕಾರರು ಕನ್ನಡಕವನ್ನು ಕಾರಿನಲ್ಲೇ ಬಿಟ್ಟಿದ್ದರು.

‘ಬರ್ರಿ ಸಾವಕಾರ್ರ, ಕುಂದರ್ರಿ. ಅಕ್ಕಾರ, ನೀವೂ ಕುಂದರ್ರಿ,’ ಎಂದು ಕೆಂಚವ್ವ ಸೆರಗು ಸರಿಮಾಡಿಕೊಂಡಳು. ಒಣಗಿದ ಮೈ, ದೊಡ್ಡ ಕುಂಕುಮ, ಮುಖದ ತುಂಬ ಸಡಗರ. ನೀಲಾ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು, ತಾಟಿನಲ್ಲಿ ಶಿರಾ ಮತ್ತು ಚೂಡಾ ಹಿಡಿದು ಬಂದಳು. ನನಗೆ ಎಲ್ಲ ತಿಳಿದುಹೋಯಿತು.

ನಮ್ಮ ಕಡೆ ಹಿರಿಯರು ಕಾರು ಮಾಡಿಕೊಂಡು ಬಂದು, ಹುಡುಗಿಯನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳಿ, ಮನೆಯ ಮೇಲೆಲ್ಲ ಕಣ್ಣಾಡಿಸಿ ಹೋಗುವುದು ಒಂದೇ ಕೆಲಸಕ್ಕೆ, ಕನ್ಯೆ ನೋಡುವುದಕ್ಕೆ. ಆ ದಿನ ಇಡೀ ಓಣಿಯೇ ಆ ಮನೆಯವರ ಜೊತೆ ಕೈಜೋಡಿಸುತ್ತದೆ. ಒಬ್ಬರ ಮನೆಯ ಗಾದಿ, ಇನ್ನೊಬ್ಬರ ಮನೆಯ ಕಪ್ಪುಬಸಿ, ಮತ್ತೊಬ್ಬರ ಮನೆಯ ಫ್ಯಾನು. ಯಾರದೆಂದು ಬಂದವರು ಕೇಳುವುದಿಲ್ಲ, ಕೊಟ್ಟವರು ಹೇಳುವುದಿಲ್ಲ. ನಾಳೆ ಅವರ ಮಗಳ ಪಾಳಿ ಬಂದಾಗ ಇವರ ಮನೆಯದು ಅಲ್ಲಿಗೆ ಹೋಗುತ್ತದೆ. ಕೆಂಚವ್ವನಿಗೆ ಗೊತ್ತಿದ್ದ ಭೇಟಿ ಅದೊಂದೇ. ಇವರು ಬಡತನ ನೋಡಲು ಬರುತ್ತಾರೆ ಎಂದು ಯಾರಾದರೂ ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ. ಬಡತನವನ್ನು ಯಾರು ನೋಡಲು ಬರುತ್ತಾರೆ?

ಬಾಗಿಲಲ್ಲಿ ನಿಂತಿದ್ದ ಬಾಜು ಮನೆಯ ಮಲಿಕಾಬಿಗೆ ಮಾತ್ರ ಜೀವದಲ್ಲಿ ಜೀವ ಇರಲಿಲ್ಲ. ಕೆಂಚವ್ವ ಫ್ರಿಜ್ಜಿನ ಬಾಗಿಲು ಎಳೆದ ಕೂಡಲೇ ‘ಸಾವಕಾಶ ಬೇ ಕೆಂಚಿ, ರಬ್ಬರ್ ಸಡ್ಲ ಐತಿ’ ಎಂದುಬಿಟ್ಟಳು. ಕೆಂಚವ್ವ ಅವಳನ್ನು ಒಮ್ಮೆ ದಿಟ್ಟಿಸಿದಳು. ಮಲಿಕಾಬಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಸಾವಕಾರರು ಶಿರಾ ತಿನ್ನುವುದರಲ್ಲಿದ್ದರು. ಆಮೇಲೆ ಆ ಮಳೆಯಲ್ಲಿ ನಮಗೆ ಮಂಜಿನಂಥ ನೀರು ಬಂತು. ಫ್ರಿಜ್ಜಿನ ನೀರು ಕುಡಿಸದೆ ಕಳಿಸಿದರೆ ಫ್ರಿಜ್ಜು ಇಟ್ಟದ್ದು ಯಾತಕ್ಕೆ? ಸಾವಕಾರರು ಇಲ್ಲವೆನ್ನಲಾರದೆ, ಕೆಮ್ಮುತ್ತಲೇ ಲೋಟ ಖಾಲಿ ಮಾಡಿದರು.

‘ದನದ ಡಾಕ್ಟರ್ ಯಾಕ ಆಗ್ತಿ ತಂಗಿ?’ ಎಂದು ಕೇಳಿದರು.

ನೀಲಾ ಬೆನ್ನು ಆನಿಸಿಯೇ ಕೂತಿದ್ದಳು. ‘ಎರಡ ವರ್ಷದ ಹಿಂದ ಮೊದಲನೇ ಮಳಿಗೆ ಎಳಿ ಹುಲ್ಲ ಮೇದು ನಮ್ಮ ಕುರಿ ಬಿದ್ದೂರಿ. ಮೂರ ದಿನದಾಗ ಹದಿನಾಲ್ಕ ಸತ್ತೂ. ಅಪ್ಪ ದೃಷ್ಟಿ ತಗದ, ದೇವ್ರಿಗೆ ಹೊತ್ತ. ನಾಲ್ಕನೇ ದಿನ ಡಾಕ್ಟರ್ ಬಂದು ಕರುಳುಬೇನಿ ಅಂದ್ರು, ಮಳಿಗಿಂತ ಮೊದಲ ಒಂದ ಇಂಜೆಕ್ಷನ್ ಆಗಿದ್ರ ಒಂದೂ ಸಾಯ್ತಿರಲಿಲ್ಲ ಅಂದ್ರು. ಆ ಹೆಸರ ನಮಗ ಮೊದಲ ಗೊತ್ತಿರಬೇಕಾಗಿತ್ತರಿ. ಅದಕ್ಕ.’

ಸಾವಕಾರರು ‘ಅಗದಿ ಛಲೋ ಹೇಳಿದಿ’ ಎಂದರು. ಈ ವರ್ಷ ಮೂವತ್ತೆರಡು ಮನೆಗೆ ಹೋಗಿದ್ದೆವು. ಬೇರೆ ಯಾರಿಗೂ ಅವರು ಹಾಗೆ ಹೇಳಲಿಲ್ಲ.

ಆಮೇಲೆ ಫಾರ್ಮು. ‘ಬರಿ ರೋಹಿಣಿ. ಟಿ.ವಿ. ಐತಿ. ಫ್ರಿಜ್ಜ ಐತಿ. ಫ್ಯಾನ ಐತಿ.’ ನನ್ನ ಪೆನ್ನು ನಿಂತಿತು. ಕೆಂಚವ್ವ ನನ್ನನ್ನೇ ನೋಡುತ್ತಿದ್ದಳು. ಬಾಗಿಲಲ್ಲಿ ಮಲಿಕಾಬಿ, ಅವಳ ಹಿಂದೆ ಛತ್ರಿ ಹಿಡಿದ ಐದಾರು ಹೆಂಗಸರು. ‘ಇವು ಇವರದಲ್ಲ’ ಎಂಬ ಎರಡೇ ಮಾತು ನಾನು ಅಲ್ಲಿ ಆಡಿದ್ದರೆ ಸಾಕಿತ್ತು.

ಆಡಲಿಲ್ಲ. ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಗೂ ಇದೇ ಸಾವಕಾರರು ಬಂದಿದ್ದರು. ಆಗ ಅವರ ಜೊತೆ ನನ್ನ ಜಾಗದಲ್ಲಿ ಸುಭಾಸ ಎಂಬವನಿದ್ದ. ಅವ್ವ ಅವಲಕ್ಕಿ ಕೊಟ್ಟ ಸ್ಟೀಲಿನ ತಾಟನ್ನು ತಿರುಗಿಸಿ, ಹಿಂದೆ ಕೊರೆಸಿದ್ದ ಹೆಸರನ್ನು ಓಣಿಗೆಲ್ಲ ಕೇಳುವಂತೆ ಓದಿದ. ‘ಗಂಗಪ್ಪ ಅಂತ ಐತಲ್ಲಬೇ. ಯಾರ ತಾಟ ಇವು? ಕುರ್ಚಿನೂ ಅವರದ ಏನು?’ ಎಂದು ನಕ್ಕ. ಅವ್ವ ‘ಹೌದ್ರಿ, ಇಸಗೊಂಡ ತಂದಿದ್ದು’ ಎಂದಳು. ನನಗೆ ಸಹಾಯ ಸಿಕ್ಕಿತು. ಅವ್ವ ಆಮೇಲೆ ಗಂಗಪ್ಪನ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವರ ಮಗಳ ಮದುವೆಗೆ ಹೋಗಿ ಅಕ್ಷತೆ ಹಾಕಿ, ಉಣ್ಣದೆ ತಿರುಗಿ ಬಂದಳು. ನನ್ನ ಬಿ.ಕಾಂ. ಆದದ್ದು ಆ ಒಂದು ಮಾತಿನ ಮೇಲೆ. ಅವ್ವ ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಕೆಂಚವ್ವನಿಗೆ ಹಾಗಾಗುವುದು ಬೇಡ, ಆಫೀಸಿನಲ್ಲಿ ಸಾವಕಾರರಿಗೆ ಒಬ್ಬರೇ ಇರುವಾಗ ಹೇಳಿದರಾಯಿತು ಎಂದುಕೊಂಡೆ. ಮೂರೂ ಕಡೆ ‘ಇದೆ’ ಎಂದು ಗುರುತು ಹಾಕಿ ಸಹಿ ಮಾಡಿದೆ.

ಆ ತಣ್ಣೀರಿನಿಂದ ಸಾವಕಾರರಿಗೆ ಜ್ವರ ಬಂತು. ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಮನೆಗೆ ಫೋನು ಮಾಡಿದರೆ ಸೊಸೆ ಎತ್ತಿ, ಮಲಗಿದ್ದಾರೆ ಎನ್ನುತ್ತಿದ್ದಳು. ಐದನೆಯ ದಿನ ಕೊರಳಿಗೆ ಮಫ್ಲರ್ ಸುತ್ತಿಕೊಂಡು ನೇರವಾಗಿ ಆಯ್ಕೆಯ ಸಭೆಗೇ ಬಂದರು.

ಸಭೆ ಎಂದರೆ ಸಾವಕಾರರು, ಅವರ ತಮ್ಮನ ಮಗ ಈರೇಶ, ಮತ್ತು ಚಹಾ ತರಿಸಲಿಕ್ಕೆ ನಾನು. ಈರೇಶ ಕೆಳಗಿನ ಗೊಬ್ಬರದ ಅಂಗಡಿಯ ಮಾಲೀಕ. ಫಾರ್ಮಿನ ಅಂಕಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಹಾಕಿ ಪಟ್ಟಿ ಮಾಡುವವನು ಅವನೇ. ಪಟ್ಟಿ ಓದಿದ. ನೀಲಾ ಹನ್ನೊಂದನೆಯವಳು. ಹತ್ತನೆಯವನಿಗಿಂತ ಎರಡು ಅಂಕ ಕಡಿಮೆ. ಸಂದರ್ಶನದಲ್ಲಿ ಎಲ್ಲರಿಗಿಂತ ಹೆಚ್ಚು, ಮನೆಯ ಬಡತನಕ್ಕೆ ಕೊಡುವ ಅಂಕದಲ್ಲಿ ಎಲ್ಲರಿಗಿಂತ ಕಡಿಮೆ.

‘ಅವು ಅವರ ಸಾಮಾನ ಅಲ್ರಿ,’ ಎಂದೆ. ‘ಬಾಜು ಮನಿಯವ್ರ ಕಡಿಂದ ಇಸಗೊಂಡ ತಂದಿದ್ದು. ಫ್ರಿಜ್ಜಿನ ಮ್ಯಾಲ ಮಲಿಕಾಬಿಯವ್ರ ಸ್ಟಿಕರ್ ಇತ್ತರಿ.’

ಸಾವಕಾರರು ನನ್ನನ್ನು ನೋಡಿದರು. ‘ಅಲ್ಲೇ ಯಾಕ ಹೇಳಲಿಲ್ಲ?’

‘ಅಷ್ಟ ಮಂದಿ ಮುಂದ ಹ್ಯಾಂಗ ಹೇಳೂದ್ರಿ?’

‘ಮೇಡಮ್, ಫಾರ್ಮಿನ ಮ್ಯಾಲ ಸಹಿ ನಿಮ್ಮದ ಐತಿ,’ ಎಂದ ಈರೇಶ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ‘ಸುಭಾಸನೂ ಹಿಂಗ ಹೇಳಿನ ತನ್ನ ಹೆಂಡ್ತಿ ತಮ್ಮನ್ನ ಪಟ್ಟಿ ಒಳಗ ತಂದಿದ್ದ. ಆಮ್ಯಾಲ ಸುಳ್ಳ ಹೊರಗ ಬಿದ್ದು ಅವನ್ನ ತಗದ ಹಾಕಿದ್ದು ನಿಮಗ ಗೊತ್ತೈತಿ. ಅವತ್ತಿನಿಂದ ಬಾಯಿಮಾತ ಬಂದ್ ಮಾಡೇವಿ.’

‘ಇನ್ನೊಮ್ಮೆ ಹೋಗಿ ನೋಡ್ಕೊಂಡ ಬರೂಣ್ರಿ.’

‘ಮೂವತ್ತೆರಡೂ ಮನಿಗೆ ಇನ್ನೊಮ್ಮೆ ಹೋಗೂಣು?’

ಸಾವಕಾರರು ಕೈ ಎತ್ತಿದರು. ‘ಅದೆಲ್ಲಾ ಬ್ಯಾಡ. ಫೋನ ಹಚ್ಚು. ತಾಯಿ ಬಾಯಿಲೆನ ಕೇಳೂಣು. ನಮ್ಮವಲ್ಲ ಅಂತ ಅಂದ್ರ ಫಾರ್ಮಿನ್ಯಾಗ ಬರದದ್ದ ನಾನ ಹೊಡದ ಹಾಕಿ ಸಹಿ ಮಾಡ್ತೇನಿ.’ ಅದಕ್ಕಿಂತ ನ್ಯಾಯದ ಮಾತು ಇನ್ನೇನಿದೆ? ನನಗೆ ಒಂದು ಗಳಿಗೆ ಹಗುರವಾಯಿತು.

ಕೆಂಚವ್ವನ ಫೋನು ಬಹಳ ಹೊತ್ತು ರಿಂಗಾದ ಮೇಲೆ ಯಾರೋ ಎತ್ತಿದರು. ಭತ್ತದ ನಾಟಿಯ ಗದ್ದೆ. ಕೆಂಚವ್ವನ ಕೈಯೆಲ್ಲ ರಾಡಿ, ಅದಕ್ಕೆ ಇನ್ನೊಬ್ಬಳು ಸ್ಪೀಕರ್ ಹಾಕಿ ಹಿಡಿದಿದ್ದಾಳೆ ಎಂದು ಮಾತಿನಿಂದಲೇ ತಿಳಿಯಿತು. ಹತ್ತು ಹನ್ನೆರಡು ಹೆಂಗಸರ ನಗು, ಗದ್ದಲ. ಇತ್ತ ನಾವೂ ಸ್ಪೀಕರ್ ಹಾಕಿದ್ದೆವು.

‘ಕೆಂಚವ್ವಾ, ನಾ ಶಂಭುಲಿಂಗಪ್ಪ ಮಾತಾಡೂದು. ಒಂದ ಮಾತ ಕೇಳ್ತೇನಿ. ಅವತ್ತ ಮನ್ಯಾಗ ಫ್ರಿಜ್ಜು, ಟಿ.ವಿ. ನೋಡಿದ್ನೆಲ್ಲ, ಅವು ನಿಮ್ಮವ ಏನು?’

ಆ ಕಡೆಯ ಗದ್ದಲ ನಿಂತಿತು. ನೀರಿನಲ್ಲಿ ಯಾರೋ ಕಾಲೆತ್ತಿಟ್ಟ ಸಪ್ಪಳ.

‘ಹೌದ್ರಿ ಸಾವಕಾರ್ರ. ನಮ್ಮವ.’

ನಾನು ಮೇಜಿನ ಮೇಲೆ ಬಾಗಿದೆ. ‘ಕೆಂಚವ್ವಾರ, ನಾ ರೋಹಿಣಿ. ಇದ್ದದ್ದ ಇದ್ದಂಗ ಹೇಳ್ರಿ, ಅಂಜಬ್ಯಾಡ್ರಿ.’ ಈರೇಶ ಬೆರಳೆತ್ತಿದ, ಹೇಳಿಕೊಡಬೇಡಿ ಎಂದು.

ಕೆಂಚವ್ವನ ದನಿ ಬಿಗಿಯಾಯಿತು. ‘ಸುಳ್ಳ ಯಾಕ ಹೇಳ್ಲಿರಿ ಅಕ್ಕಾರ? ದುಡದ ತಿನ್ನೂ ಮಂದಿ ನಾವು. ಮನ್ಯಾಗ ಇದ್ದದ್ದೆಲ್ಲಾ ನಮ್ಮದ.’

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಫೋನು ಹಿಡಿದವಳು ತಾನೂ ಬಾಯಿ ಹಾಕಿದಳು. ‘ನಾ ಬಾಜು ಮನ್ಯಾಕಿ ಮಲಿಕಾಬಿರಿ. ಅವ್ರದ ಐತ್ರಿ ಎಲ್ಲಾ. ನಾ ದಿನಾ ನೋಡ್ತೇನಿ.’

ಮಲಿಕಾಬಿ ಗೆಳತಿಯ ಮಾನ ಕಾಯ್ದಳು. ನಾನು ಅವಳ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಸಾವಕಾರರು ಫೋನು ಇಟ್ಟು, ಕನ್ನಡಕ ಹಾಕಿಕೊಂಡು, ಪಟ್ಟಿಯ ಕೆಳಗೆ ಸಹಿ ಮಾಡಿ ನನ್ನ ಕಡೆ ಸರಿಸಿದರು. ಅದರಲ್ಲೂ ಎರಡನೆಯ ಸಹಿ ನನ್ನದೇ. ಮಾಡಿದೆ. ಪಟ್ಟಿಯಲ್ಲಿದ್ದ ಹತ್ತೂ ಮಕ್ಕಳಿಗೆ ಅದೇ ತಾಸಿನಲ್ಲಿ ಫೋನು ಹೋಯಿತು.

ಮರುದಿನ ಅದನ್ನು ಮೆಟ್ಟಿಲ ಬುಡದ ಗೋಡೆಗೆ ಅಂಟಿಸಿದೆ. ಹನ್ನೊಂದರ ಸುಮಾರಿಗೆ ನೀಲಾ ಮತ್ತು ಕೆಂಚವ್ವ ಬಸ್ಸಿಳಿದು ಬಂದರು. ಮೇಲಿನ ಕಿಟಕಿಯಿಂದ ಕಾಣುತ್ತಿತ್ತು. ನೀಲಾ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದಳು. ಆಮೇಲೆ ಕೆಳಗಿನಿಂದ ಮೇಲೆ ಓದಿದಳು. ಅವ್ವನಿಗೆ ಏನೋ ಹೇಳಿದಳು. ಇಬ್ಬರೂ ಮೆಟ್ಟಿಲು ಹತ್ತಿ ಬಂದರು.

ಹುಡುಗಿಯ ಕೈಯಲ್ಲಿ ಗದಗಿನ ಸೀಟು ಹಂಚಿಕೆಯಾದ ಕಾಗದ. ಹಿಂದಿನ ರಾತ್ರಿ ಬಂದಿತ್ತಂತೆ, ಬೆಳಿಗ್ಗೆ ಪ್ರಿಂಟ್ ತೆಗೆಸಿಕೊಂಡು ನೇರ ಬಂದಿದ್ದರು. ಫೀ ತುಂಬಿ ಹಾಜರಾಗಲು ಮೂರು ದಿನವಿತ್ತು. ಸರಕಾರದ ವಿದ್ಯಾರ್ಥಿವೇತನ ಬರುವುದು ಸೇರಿದ ಮೇಲೆ, ಬ್ಯಾಂಕು ಸಾಲ ಕೊಡುವುದು ತಿಂಗಳುಗಟ್ಟಲೆ ತಿರುಗಾಡಿದ ಮೇಲೆ. ಇದನ್ನು ಭಾನುವಾರದ ಕ್ಲಾಸಿನಲ್ಲಿ ನಾನೇ ಹೇಳಿಕೊಟ್ಟಿದ್ದೆ, ಆದ್ದರಿಂದ ಮತ್ತೆ ಹೇಳುವಂತಿರಲಿಲ್ಲ. ಕೆಂಚವ್ವ ಬಾಗಿಲಲ್ಲೇ ನಿಂತಳು. ಉಗುರಿನಲ್ಲಿ ಗದ್ದೆಯ ಕೆಸರು ಹಾಗೇ ಇತ್ತು.

‘ಅಕ್ಕಾರ, ನಾ ಏನ ತಪ್ಪ ಹೇಳಿದ್ನಿರಿ?’ ಎಂದು ಕೇಳಿದಳು ನೀಲಾ.

‘ತಪ್ಪೇನಿಲ್ಲ. ಹತ್ತ ಮಂದಿಗೆ ಅಷ್ಟ ಕೊಡೂದು.’

‘ಹೌದ್ರಿ. ನಾ ಯಾಕ ಹತ್ತರಾಗ ಬರಲಿಲ್ಲ ಅಂತ ಕೇಳಾಕತ್ತೇನ್ರಿ.’ ಅಳುವ ದನಿಯಲ್ಲ, ಜಗಳದ ದನಿಯೂ ಅಲ್ಲ. ಬಿದ್ದರೆ ಎಲ್ಲಿ ಬಿದ್ದೆ ಎಂದು ಕೇಳಿ ತಿಳಿದುಕೊಳ್ಳಬೇಕೆಂದು ಕಲಿಸಿದವಳು ನಾನೇ. ಹುಡುಗಿ ಕಲಿತದ್ದನ್ನು ಮಾಡುತ್ತಿದ್ದಳು.

ನನ್ನ ಕೈ ತಣ್ಣಗಾಯಿತು. ಎಷ್ಟೋ ದಿನದ ಮೇಲೆ ಏನಾದರೂ ಆದದ್ದು ಅದು. ಇದ್ದದ್ದನ್ನು ಹೇಳಿದರೆ ಅವಳು ತಿರುಗಿ ಬಾಗಿಲ ಕಡೆ ನೋಡುತ್ತಾಳೆ. ಆ ನೋಟ ಆ ಎರಡು ಕೋಣೆಯ ಮನೆಯಲ್ಲಿ ಎಷ್ಟು ವರ್ಷ ಉಳಿಯುತ್ತದೆಂದು ನನಗೆ ಗೊತ್ತು. ಸೀಟು ಹೋದದ್ದು ಹೋಯಿತು, ಹೇಳಿದರೂ ತಿರುಗಿ ಬರುವುದಿಲ್ಲ. ನನ್ನ ಸಹಿಯ ತಪ್ಪು ಎಂದರೆ ಯಾಕೆ, ಏನು ಬರೆದಿರಿ ಎಂದು ಕೇಳುತ್ತಾಳೆ. ಅದೂ ಹೋಗಿ ಅವಳ ಅವ್ವನ ಹತ್ತಿರವೇ ನಿಲ್ಲುತ್ತದೆ. ಇಷ್ಟನ್ನೂ ನಾನು ನಿಧಾನವಾಗಿ, ಫೈಲಿನ ಹಾಳೆ ತಿರುವಿದಂತೆ ಯೋಚಿಸಿದೆ. ಅಷ್ಟರಲ್ಲಿ ಕೈಯೂ ಮತ್ತೆ ಬೆಚ್ಚಗಾಗಿತ್ತು.

‘ಡಾಕ್ಟರ್ ಯಾಕ ಆಗ್ತಿ ಅಂತ ಕೇಳಿದ್ರಲ್ಲ,’ ಎಂದೆ. ‘ಅದಕ್ಕ ನೀ ಬರೇ ಮನಿ ಕುರಿ ಸತ್ತದ್ದ ಹೇಳಿದಿ. ಮುಂದ ಏನ ಕೆಲಸ ಮಾಡ್ತಿ ಅನ್ನೂದ ಹೇಳಲಿಲ್ಲ. ಅಲ್ಲೇ ಎರಡ ಮಾರ್ಕ್ಸ್ ಹೋತು.’

ನೀಲಾ ತಲೆಯಾಡಿಸಿದಳು. ನನ್ನ ಮೇಜಿನ ಮೇಲಿದ್ದ ಪೆನ್ನು ಕೇಳಿ ತೆಗೆದುಕೊಂಡು, ಗದಗಿನ ಕಾಗದವನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ನಾನು ಹೇಳಿದ್ದನ್ನು ಬರೆದುಕೊಳ್ಳತೊಡಗಿದಳು. ‘ಮುಂದ ಏನ ಕೆಲಸ ಅಂತ ಹೇಳಬೇಕಿತ್ತು, ಹೌದಲ್ರಿ?’ ಎಂದು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು.

ಕೆಂಚವ್ವ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದಳು.

‘ನಮ್ಮ ಕಡಿಂದ ಏನೂ ಕಡಿಮಿ ಮಾಡಿರಲಿಲ್ರಿ ಅಕ್ಕಾರ,’ ಎಂದಳು. ‘ಮನಿ ಹ್ಯಾಂಗ ಇಟ್ಟಿದ್ದೆ, ನೀವ ಕಣ್ಣಾರೆ ನೋಡೀರಿ. ಫೋನ್ಯಾಗೂ ಬರೋಬ್ಬರಿ ಹೇಳೇನಿ. ಇಷ್ಟೆಲ್ಲಾ ಮಾಡಿದ್ರೂ ಇಕಿಗೆ ಒಂದ ಮಾತ ಸರಿ ಹೇಳಾಕ ಬರಲಿಲ್ಲ ನೋಡ್ರಿ.’

ನೀಲಾ ಬರೆಯುತ್ತಲೇ ಇದ್ದಳು. ಕೆಂಚವ್ವ ನನ್ನ ಉತ್ತರಕ್ಕೆ ಕಾದಳು.

‘ಹೌದ್ರಿ,’ ಎಂದೆ.